ಪಿಬಿ3 ಖಾತೆ ನನ್ನದು, ಅನುಭವ ಜೆಟ್ಯಾಗ್‌ದು

ಅಪ್ಪನ ಫೋನ್ ಬಂದಾಗ ಬೆಳಗಿನ ಜಾವ ಐದೂಕಾಲು. ಕುವೆಂಪುನಗರದ ರೂಮಿನಲ್ಲಿ ಮಲಗಿದ್ದೆ. ಊರಿನ ಬೋರ್ ಮೋಟರನ್ನು ಮಿಸ್ಡ್ ಕಾಲ್‌ನಲ್ಲೇ ಆನ್ ಮಾಡುವ ಒಂದು ಬಾಕ್ಸ್ ಮಾಡಿಕೊಟ್ಟಿದ್ದೆ.

"ಏನವ್ವ, ನಿನ್ ಬಾಕ್ಸು ಮೋಟ್ರು ಆನ್ ಮಾಡ್ಕಂಡು ಕುಂತದೆ. ಕೆಂಪು ಗುಂಡಿ ಒತ್ತುದ್ರೆ ನಿಂತ್ಕತದೆ, ಬಿಟ್ರೆ ಮತ್ತೆ ಹೊರಡ್ತದೆ."

ಮೇನ್ ಆಫ್ ಮಾಡಿ ಅಪ್ಪ ಅಂದೆ. "ಅದ ಆಗ್ಲೇ ಮಾಡಿವ್ನಿ. ನೀರು ದೊಡ್ಡಪ್ಪನ ಗದ್ದೆಗೆ ನುಗ್ಬುಟ್ಟದೆ" ಅಂದರು. ದೊಡ್ಡಪ್ಪ ಹಿಂದಿನ ದಿನವಷ್ಟೇ ಭತ್ತ ಕುಯ್ದು ಹರವಿದ್ದರು. ನನ್ನ ನಿದ್ದೆ ಅಲ್ಲಿಗೆ ಹಾರಿಹೋಯಿತು.

ನಮ್ಮದು ಮಂಡ್ಯ ಕಡೆಯ ಹಳ್ಳಿ. ಕೆಆರ್‌ಎಸ್‌ನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ನೀರು ನಮ್ಮಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಮಳೆ ಕೈಕೊಟ್ಟ ವರ್ಷ ಕಟ್ಟು ನೀರು ಬೇರೆ. ಅದಕ್ಕೇ ಬೋರು, ಏಳೂವರೆ ಎಚ್‌ಪಿ ಮೋಟರ್. ತ್ರೀಫೇಸ್ ಕರೆಂಟು ಎಷ್ಟೋ ದಿನ ರಾತ್ರಿಯೇ ಬರುತ್ತದೆ. ಅಪ್ಪ ಟಾರ್ಚ್ ಹಿಡಿದು ಕಬ್ಬಿನ ಬದುವಿನ ಮೇಲೆ ನಡೆದು ಹೋಗಿ ಹಸಿರು ಗುಂಡಿ ಒತ್ತಬೇಕು. ಹಾವಿನ ಕಾಟ ಇದ್ದೇ ಇದೆ. ಅಂಗಡಿಯಲ್ಲಿ ಮೊಬೈಲ್ ಸ್ಟಾರ್ಟರ್ ರೆಡಿಯಾಗಿ ಸಿಗುತ್ತದೆ, ಗೊತ್ತು. ಆದರೆ ಎಲೆಕ್ಟ್ರಾನಿಕ್ಸ್ ಓದಿ ಹತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಒಂದಿಷ್ಟು ಜಂಭ ಇರುತ್ತದಲ್ವಾ? ನಾನೇ ಮಾಡಿಕೊಡುತ್ತೇನೆ ಅಂದುಬಿಟ್ಟೆ.

ಎಸ್‌ಪಿ ರೋಡ್‌ನಿಂದ ತಂದಿಟ್ಟಿದ್ದ ಬ್ಲೂ ಪಿಲ್ ಅನ್ನುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ ಒಂದು ಮನೆಯಲ್ಲಿತ್ತು. ಅದರಲ್ಲಿರುವುದು ಎಸ್‌ಟಿಎಂ32ಎಫ್103 ಚಿಪ್. 72 ಮೆಗಾಹರ್ಟ್ಸ್, 64 ಕೆಬಿ ಫ್ಲ್ಯಾಶ್, 20 ಕೆಬಿ ರ್‍ಯಾಮ್. ಮೋಟರ್ ಆನ್ ಮಾಡೋಕೆ ಇದೇ ಜಾಸ್ತಿ. ಜೊತೆಗೆ ಒಂದು ಜಿಎಸ್‌ಎಂ ಮೊಡೆಮ್, ಎರಡು ರಿಲೇ (ಚಿಪ್ ಹೇಳಿದಂತೆ ತೆರೆದು ಮುಚ್ಚುವ ಸ್ವಿಚ್) ಇರುವ 5 ವೋಲ್ಟಿನ ಪುಟ್ಟ ಬೋರ್ಡ್. ಒಂದು ರಿಲೇ ಸ್ಟಾರ್ಟ್ ಗುಂಡಿಗೆ, ಇನ್ನೊಂದು ಸ್ಟಾಪ್‌ಗೆ. ಮಿಸ್ಡ್ ಕಾಲ್ ಕೊಟ್ಟರೆ ಸ್ಟಾರ್ಟ್ ರಿಲೇ ಎರಡು ಸೆಕೆಂಡ್ ಮುಚ್ಚಿಕೊಂಡು ಬಿಡಬೇಕು, ಬೆರಳಿನಲ್ಲಿ ಒತ್ತಿದ ಹಾಗೆ. ಸಾಫ್ಟ್‌ವೇರ್‌ಗೆ ಝೆಫಿರ್ ಹಿಡಿದೆ, ಇಂಥ ಪುಟ್ಟ ಚಿಪ್‌ಗಳಿಗೆಂದೇ ಇರುವ ಆಪರೇಟಿಂಗ್ ಸಿಸ್ಟಂ. ಆಫೀಸಿನಲ್ಲೂ ಅದೇ, ಕೈ ಪಳಗಿದೆ.

ಝೆಫಿರ್‌ನಲ್ಲಿ ಯಾವ ಪಿನ್ ಯಾವ ಕೆಲಸಕ್ಕೆ ಅಂತ ಸಿ ಕೋಡಿನಲ್ಲಿ ಬರೆಯುವುದಿಲ್ಲ. ಅದಕ್ಕೆ ಡಿವೈಸ್‌ಟ್ರೀ ಅಂತ ಬೇರೆ ಫೈಲುಗಳಿವೆ. ಚಿಪ್ಪಿನಲ್ಲಿ ಏನೇನಿದೆ ಅಂತ ಒಂದು ಫೈಲ್. ಬೋರ್ಡಿನ ಮೇಲೆ ಏನು ಎಲ್ಲಿಗೆ ಜೋಡಿಸಿದೆ ಅಂತ ಇನ್ನೊಂದು. ಇವೆರಡನ್ನೂ ಮುಟ್ಟದೆ ನಮ್ಮ ಬದಲಾವಣೆ ಬರೆದುಕೊಳ್ಳುವುದಕ್ಕೆ ಓವರ್‌ಲೇ ಅಂತ ಮೂರನೆಯದು. ಈ ಪದ್ಧತಿ ಹಳೆಯದು, ಓಪನ್ ಫರ್ಮ್‌ವೇರ್ ಅನ್ನುವ ಬೂಟ್ ಸಾಫ್ಟ್‌ವೇರ್ ಕಾಲದ್ದು. ಲಿನಕ್ಸ್‌ನ ಆರ್ಮ್ ಚಿಪ್‌ಗಳ ಭಾಗದಲ್ಲಿ ಒಂದೊಂದು ಬೋರ್ಡಿಗೂ ಒಂದೊಂದು ಸಿ ಫೈಲ್ ಬೆಳೆದು ಗೊಬ್ಬರದ ಗುಂಡಿಯಾಗಿತ್ತು. 2011ರಲ್ಲಿ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಅದರ ಮೇಲೆ ರೇಗಿದ ಮೇಲೆ ಅಲ್ಲೂ ಡಿವೈಸ್‌ಟ್ರೀಯೇ ಗತಿಯಾಯಿತು. ಲಿನಕ್ಸ್‌ನಲ್ಲಿ ಬೂಟ್ ಆಗುವಾಗ ಕರ್ನಲ್ ಈ ವಿವರವನ್ನು ಓದಿಕೊಳ್ಳುತ್ತದೆ. ಝೆಫಿರ್‌ನಲ್ಲಿ ಹಾಗಲ್ಲ. ಬಿಲ್ಡ್ ಮಾಡುವಾಗಲೇ ಎಲ್ಲ ಸೇರಿ ಒಂದು ಸಿ ಹೆಡರ್ ಆಗಿಬಿಡುತ್ತದೆ. 20 ಕೆಬಿ ರ್‍ಯಾಮ್ ಇರುವ ಚಿಪ್ಪಿನ ಮೇಲೆ ಕೂತು ಮರ ಓದುವಷ್ಟು ಪುರುಸೊತ್ತು ಯಾರಿಗಿದೆ?

ಇದನ್ನೇ ಅಪ್ಪನಿಗೆ ಹೇಳಲು ಹೋದೆ. ಐದು ನಿಮಿಷ ಕೇಳಿ, "ಪಹಣಿ ಇದ್ದಂಗೆ ಅನ್ನು" ಅಂದರು. ಅದಕ್ಕಿಂತ ಚೆನ್ನಾಗಿ ನಾನು ಇವತ್ತಿನವರೆಗೂ ಯಾರಿಗೂ ವಿವರಿಸಿಲ್ಲ. ಚಿಪ್ಪಿನ ಪಿನ್ ಒಂದು ಸರ್ವೆ ನಂಬರ್. ಅದೇ ತುಂಡಿನಲ್ಲಿ ಸೀರಿಯಲ್ ಪೋರ್ಟ್ ಬೆಳೆಯಬಹುದು, ಟೈಮರ್ ಬೆಳೆಯಬಹುದು, ಸುಮ್ನೆ ಜಿಪಿಐಓ (ಆನ್-ಆಫ್‌ಗೆ ಬಳಸುವ ಸಾದಾ ಪಿನ್) ಅಂತ ಬಿಡಬಹುದು. ಯಾರಿಗೆ ಅಂತ ಪಹಣಿಯಲ್ಲಿ ಬರೆಯುತ್ತೇವೆ. ಓವರ್‌ಲೇ ಅಂದರೆ ಖಾತೆ ಬದಲಾವಣೆ. ಆದರೆ ಪಹಣಿಯ 9ನೇ ಕಾಲಂನಲ್ಲಿ ಹೆಸರಿದ್ದ ಮಾತ್ರಕ್ಕೆ ಹೊಲದಲ್ಲಿ ಉಳುತ್ತಿರುವವನು ಅವನೇ ಅಂತ ಏನೂ ಇಲ್ಲ. ಅದಕ್ಕೆ 12ನೇ ಕಾಲಂ ನೋಡಬೇಕು.

ನಾನು ನೋಡಲಿಲ್ಲ.

ಬೋರ್ಡಿನ ಒಂದು ಅಂಚಿನಲ್ಲಿ 5 ವೋಲ್ಟ್, ಗ್ರೌಂಡ್ ಪಿನ್‌ಗಳಿವೆ. ಅದೇ ಸಾಲಿನಲ್ಲಿ ಸ್ವಲ್ಪ ಆಚೆಗೆ ಪಿಬಿ3, ಪಿಬಿ4 ಅನ್ನುವ ಪಿನ್‌ಗಳು. ವೈರು ಗಿಡ್ಡವಾಗಿ ಮುಗಿಯುತ್ತದೆ ಅಂತ ರಿಲೇ ಎರಡನ್ನೂ ಅಲ್ಲಿಗೇ ಕೊಟ್ಟೆ. ಓವರ್‌ಲೇಯಲ್ಲಿ ಬರೆದೆ. ಬಿಲ್ಡ್ ಆಯಿತು, ಒಂದು ವಾರ್ನಿಂಗ್ ಕೂಡ ಇಲ್ಲ. ರಿಲೇ ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ. ರಿಲೇ ಬೋರ್ಡ್ ಬಿಚ್ಚಿ ಮೀಟರ್ ಇಟ್ಟೆ. ಪಿಬಿ4 ಸದಾ 3.3 ವೋಲ್ಟ್. ಸೊನ್ನೆ ಬರೆದರೂ 3.3, ಒಂದು ಬರೆದರೂ 3.3. ಪಿಬಿ3 ಅಂತೂ ಗಾಳಿಯಲ್ಲಿ ತೇಲುತ್ತಿತ್ತು. ಬೆರಳು ತಂದರೆ ರೀಡಿಂಗ್ ಅಲ್ಲಾಡುತ್ತದೆ.

ಎರಡು ಸಂಜೆ ನನ್ನ ಸೋಲ್ಡರಿಂಗನ್ನೇ ಬೈದುಕೊಂಡೆ. ಮೂರನೇ ದಿನ ರೆಫರೆನ್ಸ್ ಮ್ಯಾನುಯಲ್ ತೆಗೆದರೆ ಕಣ್ಣೆದುರಿಗೇ ಇದೆ. ಈ ಚಿಪ್ ರೀಸೆಟ್ ಆದ ತಕ್ಷಣ ಐದು ಪಿನ್‌ಗಳು ಡೀಬಗ್ ಕೆಲಸಕ್ಕೆ, ಅಂದರೆ ಹೊರಗಿನಿಂದ ಚಿಪ್ಪಿನೊಳಗೆ ಇಣುಕಿ ತಪ್ಪು ಹುಡುಕುವುದಕ್ಕೆ, ಹೋಗುತ್ತವೆ: ಪಿಎ13, ಪಿಎ14, ಪಿಎ15, ಪಿಬಿ3, ಪಿಬಿ4. ಆ ಕೆಲಸದ ಜೆಟ್ಯಾಗ್ ಅನ್ನುವ ವ್ಯವಸ್ಥೆ ಅವುಗಳನ್ನು ಹಿಡಿದುಕೊಂಡಿರುತ್ತದೆ. ಪಿಬಿ4 ಜೆಟ್ಯಾಗ್‌ನ ರೀಸೆಟ್ ಪಿನ್. ಅದಕ್ಕೆ ಮೇಲಕ್ಕೆ ಎಳೆದು ಹಿಡಿಯುವ ಒಳಗಿನ ಪುಲ್-ಅಪ್ ಇದೆ, ಹಾಗಾಗಿ ಮೀಟರ್ ಜಗ್ಗದೆ 3.3 ತೋರಿಸುತ್ತಿತ್ತು. ಜೆಟ್ಯಾಗ್ ಎದ್ದು ಹೋಗುವವರೆಗೆ ಜಿಪಿಐಓ ರಿಜಿಸ್ಟರಿಗೆ ನಾನು ಏನು ಬರೆದರೂ ಹೊಲದ ಬದುವಿನಲ್ಲಿ ನಿಂತು ಕೂಗಿದ ಹಾಗೆ. ಖಾತೆ ನನ್ನದು, ಉಳುಮೆ ಅವನದು.

ಬಿಡಿಸುವ ದಾರಿಯೂ ಡಿವೈಸ್‌ಟ್ರೀಯಲ್ಲೇ ಇದೆ. ಪಿನ್‌ಗಳ ವಿವರ ಇರುವ ಪಿನ್‌ಕಂಟ್ರೋಲ್ ಭಾಗಕ್ಕೆ ಎಸ್‌ಡಬ್ಲ್ಯೂಜೆ-ಸಿಎಫ್‌ಜಿ ಅಂತ ಒಂದು ಪ್ರಾಪರ್ಟಿ. ಏನೂ ಬರೆಯದಿದ್ದರೆ ಅದು 'ಫುಲ್', ಅಂದರೆ ಐದೂ ಪಿನ್ ಡೀಬಗ್‌ಗೆ. ನಾನು ಅವಸರದಲ್ಲಿ 'ಡಿಸೇಬಲ್' ಅಂತ ಬರೆದೆ. ರಿಲೇ ಟಕ್ ಅಂದಿತು. ಖುಷಿಯಲ್ಲಿ ಕಾಫಿ ಮಾಡಿಕೊಂಡು ಬಂದು ಇನ್ನೊಂದು ಸಣ್ಣ ಬದಲಾವಣೆ ಫ್ಲ್ಯಾಶ್ ಮಾಡಲು ಹೋದರೆ ಕೋಡ್ ತುಂಬುವ ಸಾಧನವಾದ ಎಸ್‌ಟಿ-ಲಿಂಕ್‌ಗೆ ಚಿಪ್ಪೇ ಕಾಣುತ್ತಿಲ್ಲ. ಕಾಣುವುದು ಹೇಗೆ? 'ಡಿಸೇಬಲ್' ಅಂದರೆ ಜೆಟ್ಯಾಗ್ ಜೊತೆ ಎಸ್‌ಟಿ-ಲಿಂಕ್ ಬಳಸುವ ಎರಡೇ ಪಿನ್ನಿನ ದಾರಿ ಎಸ್‌ಡಬ್ಲ್ಯೂಡಿಯನ್ನೂ ಮನೆಯಿಂದ ಆಚೆ ಹಾಕಿದಂತೆ. ಪಿಎ13, ಪಿಎ14 ಎರಡೂ ಹೋದವು, ಬಾಗಿಲ ಬೀಗದ ಕೈ ಒಳಗೇ ಬಿಟ್ಟು ಬಾಗಿಲೆಳೆದ ಕತೆ. ನನ್ನ ಎಸ್‌ಟಿ-ಲಿಂಕ್‌ನಿಂದ ನಾಲ್ಕೇ ವೈರು ಎಳೆದಿದ್ದೆ, ಚಿಪ್ಪನ್ನು ರೀಸೆಟ್‌ನಲ್ಲಿ ಹಿಡಿದಿಟ್ಟು ಒಳಗೆ ಹೋಗೋಣ ಅಂದರೆ ರೀಸೆಟ್ ವೈರು ಇರಲಿಲ್ಲ.

ಇದಕ್ಕೆ ಗಾಬರಿಯಾಗಬೇಕಿಲ್ಲ. ಬೂಟ್0 ಜಂಪರ್ ಎತ್ತಿ 1ರ ಕಡೆ ಹಾಕಿ ರೀಸೆಟ್ ಒತ್ತಿದರೆ ಚಿಪ್ ನಮ್ಮ ಕೋಡ್ ಓಡಿಸದೆ ಕಾರ್ಖಾನೆಯಲ್ಲಿ ಹಾಕಿದ ಬೂಟ್‌ಲೋಡರ್‌ಗೆ ಹೋಗುತ್ತದೆ. ಆಗ ಡೀಬಗ್ ಪಿನ್‌ಗಳು ಮೊದಲಿನ ಹಾಗೇ ಇರುತ್ತವೆ, ಫ್ಲ್ಯಾಶ್ ಮಾಡಬಹುದು. ಸರಿಯಾದ ಉತ್ತರ 'ಜೆಟ್ಯಾಗ್-ಡಿಸೇಬಲ್'. ಪಿಎ15, ಪಿಬಿ3, ಪಿಬಿ4 ನಮಗೆ, ಎಸ್‌ಡಬ್ಲ್ಯೂಡಿ ತನ್ನ ಪಾಡಿಗೆ.

ಮೊಡೆಮ್‌ನ ಸೀರಿಯಲ್ ಪೋರ್ಟ್‌ನಲ್ಲೂ ಒಮ್ಮೆ ಎಡವಿದೆ. ಟಿಎಕ್ಸ್ (ಕಳಿಸುವುದು) ಪಿಎ9ಕ್ಕೆ, ಆರ್‌ಎಕ್ಸ್ (ಪಡೆಯುವುದು) ಪಿಬಿ7ಕ್ಕೆ ಅಂತ ನನ್ನ ವೈರಿನ ಅನುಕೂಲಕ್ಕೆ ಹಂಚಿದ್ದೆ. ಎಸ್‌ಟಿಎಂ32ಎಫ್4 ಥರದ ಚಿಪ್ಪಿನಲ್ಲಿ ಒಂದೊಂದು ಪಿನ್ನಿಗೂ ಬೇರೆ ಬೇರೆ ಫಂಕ್ಷನ್ ನಂಬರ್ ಇರುತ್ತದೆ, ಅಲ್ಲಿ ನಡೆಯುತ್ತದೆ. ನನ್ನದು ಎಫ್1 ಜಾತಿ, ಇಲ್ಲಿ ಗುಂಪಿಗೆ ಗುಂಪೇ ಎದ್ದು ಹೋಗಬೇಕು. ಪಿಎ9 ಜೊತೆ ಪಿಎ10, ಇಲ್ಲವೇ ಪಿಬಿ6 ಜೊತೆ ಪಿಬಿ7. ಗಂಡನ ಮನೆಗೆ ಒಬ್ಬರು, ತವರಿಗೆ ಒಬ್ಬರು ಅನ್ನುವಂತಿಲ್ಲ. ಬಿಲ್ಡ್ ಮಾಡುವಾಗ ಇದೂ ತುಟಿ ಬಿಚ್ಚುವುದಿಲ್ಲ. ಓಡುವಾಗ ಪೋರ್ಟ್ ಮೇಲೇಳದೆ ಬಿದ್ದುಕೊಂಡಿರುತ್ತದೆ.

ಈಗ ಐದೂಕಾಲರ ಫೋನ್‌ಗೆ ಬರುತ್ತೇನೆ.

ರಿಲೇ ಬೋರ್ಡ್ ಉಲ್ಟಾ ಜಾತಿಯದು. ಪಿನ್ ಕೆಳಗಿಳಿದರೆ ರಿಲೇ ಆನ್, ಮೇಲೆ ಹೋದರೆ ಆಫ್. ಇದನ್ನು ಓವರ್‌ಲೇಯಲ್ಲಿ 'ಆ್ಯಕ್ಟಿವ್ ಲೋ' ಅಂತ ಒಂದು ಫ್ಲ್ಯಾಗ್ ಹಾಕಿ ಹೇಳಬೇಕು. ನಾನು 'ಆ್ಯಕ್ಟಿವ್ ಹೈ' ಅಂತಲೇ ಬಿಟ್ಟು, ಸಿ ಕೋಡಿನಲ್ಲಿ "ಆನ್ ಮಾಡಬೇಕಾದರೆ ಸೊನ್ನೆ ಬರೆ" ಅಂತ ತಿರುಗಿಸಿಕೊಂಡಿದ್ದೆ. ಟೇಬಲ್ ಮೇಲೆ ಎಲ್ಲ ಸರಿಯಾಗೇ ನಡೆಯಿತು. ಕರೆಂಟ್ ಕೊಟ್ಟಾಗ ಒಂದು ಟಕ್-ಟಕ್ ಕೇಳಿಸುತ್ತಿತ್ತು ನಿಜ. ಪವರ್ ಬಂದಾಗ ಅಷ್ಟು ಇರುತ್ತೆ ಬಿಡು ಅಂದುಕೊಂಡೆ. ಇರಬಾರದಿತ್ತು.

ಕೋಡ್ ಶುರುವಾದಾಗ ಮೊದಲು ಪಿನ್ನನ್ನು 'ಔಟ್‌ಪುಟ್, ಇನ್‌ಆ್ಯಕ್ಟಿವ್' ಅಂತ ಕಾನ್ಫಿಗರ್ ಮಾಡುತ್ತದೆ. 'ಆ್ಯಕ್ಟಿವ್ ಹೈ' ಅಂತ ಪಹಣಿಯಲ್ಲಿದ್ದರೆ ಇನ್‌ಆ್ಯಕ್ಟಿವ್ ಅಂದರೆ ಸೊನ್ನೆ ವೋಲ್ಟ್. ನನ್ನ ಬೋರ್ಡಿಗೆ ಸೊನ್ನೆ ವೋಲ್ಟ್ ಅಂದರೆ ರಿಲೇ ಆನ್. ಆಮೇಲೆ ಮೊಡೆಮ್ ನೆಟ್‌ವರ್ಕ್ ಹಿಡಿದ ಮೇಲೆ ರಿಲೇ ಆಫ್ ಮಾಡುವ ನನ್ನ ಸಾಲು. ಟೇಬಲ್ ಮೇಲೆ ಮೊಡೆಮ್‌ಗೆ ಕಾಯುವ ಭಾಗ ಬಿಟ್ಟು ಟೆಸ್ಟ್ ಮಾಡಿದ್ದರಿಂದ ಎರಡರ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಪಂಪ್‌ಹೌಸಿನಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಹಬ್ಬ. ರಾತ್ರಿ ತ್ರೀಫೇಸ್ ಬಂತು, ಬೋರ್ಡ್ ಎದ್ದಿತು, ಸ್ಟಾರ್ಟ್ ರಿಲೇ ಮುಚ್ಚಿಕೊಂಡಿತು, ಮೊಡೆಮ್ ನೆಟ್‌ವರ್ಕ್ ಹುಡುಕುತ್ತಲೇ ಕೂತಿತು. ಹಸಿರು ಗುಂಡಿಯನ್ನು ಯಾರೋ ಬೆಳಗಿನವರೆಗೆ ಒತ್ತಿ ಹಿಡಿದ ಹಾಗೆ. ಅದಕ್ಕೇ ಅಪ್ಪ ಕೆಂಪು ಗುಂಡಿ ಬಿಟ್ಟ ತಕ್ಷಣ ಮತ್ತೆ ಮೋಟರ್ ಹೊರಡುತ್ತಿದ್ದದ್ದು. ಸ್ಟಾಪ್ ರಿಲೇಯ ವೈರನ್ನು ಎಲೆಕ್ಟ್ರಿಷಿಯನ್ ಅಣ್ಣ ಮುಂದಿನ ವಾರ ಕೊಡುತ್ತೇನೆ ಅಂದಿದ್ದರು.

ಶನಿವಾರ ಬಸ್ ಹತ್ತಿ ಊರಿಗೆ ಹೋದೆ. ದೊಡ್ಡಪ್ಪ ಜಗಲಿ ಮೇಲೆ ಕೂತಿದ್ದರು. "ಏನವ್ವ, ನಿನ್ ಮಿಷನ್ನು ರಾತ್ರಿ ನಿದ್ದೆ ಮಾಡಕಿಲ್ವಾ?" ಅಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಭತ್ತ ಒಂದು ಅಂಚಿನಲ್ಲಿ ಮಾತ್ರ ನೆಂದಿತ್ತು, ಮಧ್ಯಾಹ್ನದವರೆಗೆ ನಾನೂ ಅಪ್ಪನೂ ಸೇರಿ ತಿರುವಿ ಹಾಕಿದೆವು.

ತಿದ್ದಿದ್ದು ಸ್ವಲ್ಪವೇ. ಓವರ್‌ಲೇಯಲ್ಲಿ 'ಆ್ಯಕ್ಟಿವ್ ಲೋ' ಹಾಕಿ, ಸಿ ಕೋಡಿನ ಉಲ್ಟಾ ಲೆಕ್ಕವನ್ನೆಲ್ಲ ಕಿತ್ತೆ. ಈಗ ಕೋಡಿನಲ್ಲಿ ಒಂದು ಅಂದರೆ ಆನ್, ಸೊನ್ನೆ ಅಂದರೆ ಆಫ್. ವೋಲ್ಟೇಜಿನ ಚಿಂತೆ ಪಹಣಿಗೆ ಬಿಟ್ಟಿದ್ದು. ಜೊತೆಗೆ 'ಓಪನ್ ಡ್ರೇನ್' ಅನ್ನುವ ಇನ್ನೊಂದು ಫ್ಲ್ಯಾಗನ್ನೂ ಸೇರಿಸಿದೆ. ರಿಲೇ ಬೋರ್ಡ್ 5 ವೋಲ್ಟಿನದು, ಚಿಪ್ 3.3ರದು. ಆಫ್ ಇದ್ದಾಗಲೂ ಆ ವ್ಯತ್ಯಾಸಕ್ಕೆ ರಿಲೇಯ ಎಲ್‌ಇಡಿ ಮಂಕಾಗಿ ಉರಿಯುತ್ತಿತ್ತು, ದೇವರ ಮನೆ ದೀಪದ ಥರ. ಓಪನ್ ಡ್ರೇನ್ ಆದರೆ ಪಿನ್ ಕೆಳಗೆ ಎಳೆಯುತ್ತದೆ ಇಲ್ಲವೇ ಸುಮ್ನೆ ಕೈಬಿಡುತ್ತದೆ, ಮೇಲೆ ತಳ್ಳುವ ಕೆಲಸ ಇಲ್ಲ. ಪಿಬಿ3, ಪಿಬಿ4 ಎರಡೂ 5 ವೋಲ್ಟ್ ತಡೆದುಕೊಳ್ಳುವ ಪಿನ್‌ಗಳು. ಪಕ್ಕದ ಪಿಬಿ5 ತಡೆದುಕೊಳ್ಳುವುದಿಲ್ಲ, ಅಲ್ಲಿ ಇದನ್ನು ಮಾಡಬೇಡಿ.

ಈಗ ಫ್ಲ್ಯಾಶ್ ಮಾಡುವ ಮುಂಚೆ ಬಿಲ್ಡ್ ಫೋಲ್ಡರಿನಲ್ಲಿ ಹುಟ್ಟುವ ಝೆಫಿರ್ ಡಾಟ್ ಡಿಟಿಎಸ್ ಫೈಲನ್ನು ತೆಗೆದು ಓದುತ್ತೇನೆ. ಚಿಪ್, ಬೋರ್ಡ್, ಓವರ್‌ಲೇ ಮೂರೂ ಸೇರಿ ಕೊನೆಗೆ ಏನಾಯಿತು ಅನ್ನುವುದು ಅಲ್ಲಿರುತ್ತದೆ. ಒಂದೇ ಪಿನ್ನನ್ನು ಇಬ್ಬರು ಕೇಳಿದ್ದರೂ ಬಿಲ್ಡ್ ತಕರಾರು ಮಾಡುವುದಿಲ್ಲ, ನಾವೇ ಹುಡುಕಬೇಕು. ಅದಾದ ಮೇಲೆ ರಿಲೇ ಬಿಚ್ಚಿಟ್ಟು, ರೀಸೆಟ್ ಒತ್ತಿ ಹಿಡಿದು ಒಮ್ಮೆ, ಬಿಟ್ಟು ಒಮ್ಮೆ, ಪ್ರತಿ ಪಿನ್ನಿಗೂ ಮೀಟರ್. ರೀಸೆಟ್ ಒತ್ತಿರುವಾಗ ಪಿನ್ ಹೇಗಿರುತ್ತದೆ ಅನ್ನುವುದು ಯಾವ ಓವರ್‌ಲೇಯಲ್ಲೂ ಬರೆದಿರುವುದಿಲ್ಲ.

ದೊಡ್ಡಪ್ಪ ಈಗ ತಮ್ಮ ಬೋರಿಗೂ ಒಂದು ಬೇಕು ಅನ್ನುತ್ತಿದ್ದಾರೆ. ಅವರಿಗೆ ಕೊಡಬೇಕೆಂದಿರುವ ರಿಲೇ ಬೋರ್ಡ್ ಇದರ ತದ್ವಿರುದ್ಧ, ಮೇಲೆ ಹೋದರೆ ಆನ್ ಆಗುವ ಜಾತಿ. ಸಿ ಕೋಡ್ ಒಂದಕ್ಷರ ಮುಟ್ಟದೆ ಎರಡನೇ ಓವರ್‌ಲೇ ಫೈಲ್ ಮಾತ್ರ ಬರೆದು ಮುಗಿಸಬೇಕು ಅಂತ ಹಠ ಹಿಡಿದಿದ್ದೇನೆ. ಮೊನ್ನೆ ರಾತ್ರಿ ಕೂತು ಬರೆದೂ ಆಯಿತು, ಹನ್ನೊಂದು ಸಾಲು. ಆದರೆ ಅವರ ಭತ್ತ ಮನೆ ಸೇರುವವರೆಗೆ ಜೋಡಿಸಲು ಹೋಗುವುದಿಲ್ಲ.