ಸಂಜೆ ಏಳು ಗಂಟೆ ಯಾವ ಸಂಘದ್ದು?

ಸಮುದಾಯ ರೇಡಿಯೋ ಅಂದರೆ ಊರಿನ ಸಂಘವೋ ಕಾಲೇಜೋ ಸುತ್ತಲಿನ ಜನಕ್ಕಾಗಿ ನಡೆಸುವ ಸಣ್ಣ ರೇಡಿಯೋ ಕೇಂದ್ರ. ಅದರ ಲೈಸೆನ್ಸ್ ಮಾತು ಬಂದರೆ ಎಲ್ಲರೂ ದೆಹಲಿಯನ್ನು ಬೈಯುತ್ತಾರೆ. ಬೈಯಲಿ, ಬೇಡ ಅನ್ನುವುದಿಲ್ಲ. ಆದರೆ ಲೈಸೆನ್ಸ್ ಕೈಗೆ ಬಂದ ಮೇಲೆ ಊರೊಳಗೆ ನಡೆಯುವ ಪ್ರಸಾರ ಸಮಯದ ಹಂಚಿಕೆ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನನ್ನ ತಕರಾರು ಅದು.

ಪ್ರಸಾರದ ಅಲೆಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. (ಅದೂ ಕ್ರಿಕೆಟ್ ಪ್ರಸಾರದ ಜಗಳದಲ್ಲಿ!) ಆಮೇಲೆ 2002ರಲ್ಲಿ ಬಾಗಿಲು ತೆರೆದದ್ದು ವಿದ್ಯಾಸಂಸ್ಥೆಗಳಿಗೆ ಮಾತ್ರ, ಸಂಘ ಸಂಸ್ಥೆಗಳು 2006ರ ನವೆಂಬರ್ ತನಕ ಕಾಯಬೇಕಾಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಅಷ್ಟು ಕಾಯಲಿಲ್ಲ. ಗಾಳಿಯಲ್ಲಿ ಬಿಡಲು ಅನುಮತಿ ಇಲ್ಲವಾ, ಸರಿ, ಕೇಬಲ್ಲಿನಲ್ಲಿ ಕಳಿಸೋಣ ಅಂತ 'ನಮ್ಮ ಧ್ವನಿ' ಅನ್ನುವ ತಮ್ಮ ರೇಡಿಯೋವನ್ನು ಮನೆಮನೆಗೆ ಮುಟ್ಟಿಸಿದರು. ತೆಲಂಗಾಣದ ಮಾಚನೂರಿನಲ್ಲಿ ದಲಿತ ಹೆಂಗಸರು ನಡೆಸುವ ಸಂಘಂ ರೇಡಿಯೋಗೆ ಸ್ಟುಡಿಯೋ ಎಷ್ಟೋ ವರ್ಷ ಮೊದಲೇ ಇತ್ತು, ಪ್ರಸಾರ ಶುರುವಾದದ್ದು 2008ರಲ್ಲಿ.

ಈಗ 2006ರ ನಿಯಮದ ಒಂದು ಸಾಲು ನೋಡಿ. ಒಂದೇ ಊರಲ್ಲಿ ಒಂದೇ ತರಂಗಾಂತರಕ್ಕೆ ಹಲವರು ಅರ್ಜಿ ಹಾಕಿದರೆ, ಸಮುದಾಯದಲ್ಲಿ ಅವರಿಗಿರುವ ಹೆಸರು, ಬದ್ಧತೆ, ಉದ್ದೇಶ, ಅವರು ಹೊಂದಿಸಬಲ್ಲ ಸಂಪನ್ಮೂಲ, ಎಷ್ಟು ವರ್ಷ ಸೇವೆ ಮಾಡಿದ್ದಾರೆ ಅನ್ನುವುದನ್ನೆಲ್ಲ ಸಮಿತಿ ತೂಗಿ ನೋಡಿ ಒಬ್ಬರನ್ನು ಆರಿಸುತ್ತದೆ. ಓದಲು ಚೆನ್ನಾಗಿದೆ. ಆದರೆ ಇಷ್ಟನ್ನೂ ಕಾಗದದಲ್ಲಿ ತೋರಿಸಬಲ್ಲವರು ಯಾರು? ಸ್ವಂತ ಕಟ್ಟಡ, ಲೆಕ್ಕಪರಿಶೋಧಕರು, ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಒಬ್ಬ ಹುಡುಗ ಇರುವ ಟ್ರಸ್ಟು. ಹತ್ತು ಸ್ತ್ರೀಶಕ್ತಿ ಸಂಘಗಳು ಸೇರಿದರೂ ಅಂಥ ಫೈಲು ಆಗುವುದಿಲ್ಲ. ಮೇಲಾಗಿ ಸರ್ಕಾರಿ ಕಾಲೇಜುಗಳಿಗೆ ಗೃಹ ಸಚಿವಾಲಯದ ಒಪ್ಪಿಗೆಯ ರಗಳೆ ಇರಲಿಲ್ಲ, ಸಂಘಗಳಿಗೆ ಇತ್ತು.

ಇರಲಿ, ಲೈಸೆನ್ಸ್ ಒಬ್ಬರ ಹೆಸರಲ್ಲೇ ಇರಬೇಕು, ಯಾರಾದರೂ ಜವಾಬ್ದಾರಿ ಹೊರಬೇಕಲ್ವಾ. ಆದರೆ ಸಮಯ? ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯರನ್ನು ಸೇರಿಸಿಕೊಂಡು ಮಾಡಬೇಕು ಅನ್ನುತ್ತದೆ ನಿಯಮ, ಯಾವ ಹೊತ್ತಿನ ಅರ್ಧ ಅಂತ ಹೇಳುವುದಿಲ್ಲ. ಹಾಗಾಗಿ ನಾನು ಕಂಡ ಒಂದು ಕೇಂದ್ರದಲ್ಲಿ ಸಂಜೆಯೆಲ್ಲ ಲೈಸೆನ್ಸ್ ಹಿಡಿದವರದ್ದೇ, ಹೆಂಗಸರ ಸಂಘಕ್ಕೆ ಮಧ್ಯಾಹ್ನ ಎರಡೂವರೆ. ಆ ಹೊತ್ತಿಗೆ ಅವರೇ ಹೊಲದಲ್ಲಿರುತ್ತಾರೆ, ಅವರ ಕಾರ್ಯಕ್ರಮವನ್ನು ಅವರೇ ಕೇಳಲಾರರು!

ಸಂಜೆ ಆರರಿಂದ ಒಂಬತ್ತರ ತನಕದ ಹೊತ್ತನ್ನು ಬೇರೆಯಾಗಿಟ್ಟು ಚೀಟಿ ಎತ್ತಿ ಹಂಚಬೇಕು ಅನ್ನುತ್ತೇನೆ ನಾನು. ಲೈಸೆನ್ಸ್ ಇರುವ ಸಂಸ್ಥೆಗೂ ಒಂದೇ ಚೀಟಿ. ಮೂರು ತಿಂಗಳಿಗೊಮ್ಮೆ ಮತ್ತೆ ಎತ್ತುವುದು. ಪಟ್ಟಿ ಪಂಚಾಯಿತಿ ಗೋಡೆ ಮೇಲೆ. ಹೀಗೆ ಬದಲಾಗುತ್ತಿದ್ದರೆ ಕೇಳುಗರಿಗೆ ಗೊಂದಲ ಅಂತಾರೆ. ಹೌದು, ಆಗುತ್ತೆ. ಅದಕ್ಕೆ ಹವಾಮಾನ, ಮಾರುಕಟ್ಟೆ ದರ ದಿನಾ ಅದೇ ಹೊತ್ತಿಗೆ ಇರಲಿ, ಉಳಿದದ್ದು ಮಾತ್ರ ಸರದಿ ಪ್ರಕಾರ ಬರಲಿ. ಇನ್ನೊಂದು, ಸುಮ್ನೆ ಅರ್ಧ ಗಂಟೆ ಕೊಟ್ಟರೆ ಸಾಲದು. ರೆಕಾರ್ಡರ್, ಎಡಿಟ್ ಮಾಡುವ ಕೈ ಎರಡೂ ಸಿಗಬೇಕು. ಇಲ್ಲದಿದ್ದರೆ ಎರಡನೇ ವಾರಕ್ಕೇ ಸಂಘದವರು ಸುಸ್ತಾಗುತ್ತಾರೆ, ಆಗ 'ಅವರೇ ಬರಲಿಲ್ಲ' ಅಂತ ಆ ಹೊತ್ತೂ ವಾಪಸ್ ಹೋಗುತ್ತದೆ.

2024ರ ಹೊಸ ನಿಯಮ ನನ್ನ ಆತಂಕವನ್ನು ಕಡಿಮೆ ಮಾಡಿಲ್ಲ. ಒಂದೇ ಸಂಸ್ಥೆ ಬೇರೆ ಬೇರೆ ಜಿಲ್ಲೆಗಳಲ್ಲಿ ಆರು ಕೇಂದ್ರಗಳ ತನಕ ನಡೆಸಬಹುದಂತೆ. ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಅದು ಒಳ್ಳೆಯದೇ, ಕರೆಂಟ್ ಬಿಲ್ಲಿಗಾದರೂ ಆಗುತ್ತೆ. ಆದರೆ ಜಾಹೀರಾತು ಬರುವ ಸಂಜೆಯನ್ನು ಆಮೇಲೆ ಯಾರು ಬಿಟ್ಟುಕೊಡುತ್ತಾರೆ? ಮುಂಚೆ ಐದು ವರ್ಷಕ್ಕೆ ಕೊಡುತ್ತಿದ್ದ ಅನುಮತಿ ಈಗ ಹತ್ತು ವರ್ಷಕ್ಕಾಗಿದೆ. ಹೊಸ ಕೇಂದ್ರ ಬರುವ ಊರಿನವರು ಈ ಹಂಚಿಕೆಯ ಮಾತನ್ನು ಟವರ್ ಏಳುವ ಮೊದಲೇ ಆಡಿಕೊಳ್ಳಬೇಕು, ನವೀಕರಣದ ಹೊತ್ತಿಗೆ ಕೇಳೋಣ ಅಂದುಕೊಂಡರೆ ಹತ್ತು ವರ್ಷ ಮಧ್ಯಾಹ್ನದ ಎರಡೂವರೆಯೇ ಗತಿ.