ನೋಟೀಸ್ ಹಾಕಿದ್ರ ರೊಕ್ಕ ಬರ್ತೈತಾ?

"ಒಂದು ಸ್ಟ್ರಾಂಗ್ ನೋಟೀಸ್ ಹಾಕ್ರಿ ಸರ, ರೊಕ್ಕ ತಾನಾಗೇ ಬರ್ತೈತಿ, ಹೌದಿಲ್ರೀ?"

ಗಂಗಾವತಿಯ ಅಕ್ಕಿ ಗಿರಣಿಯವರು, ಸಿಂಧನೂರಿನ ಭತ್ತದ ವ್ಯಾಪಾರಿಗಳು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು, ಕೈಗಡ ಕೊಟ್ಟು ಕೂತ ಮೇಷ್ಟ್ರು, ಬಾಕಿ ವಸೂಲಿಗೆ ಲೀಗಲ್ ನೋಟೀಸ್ ಬರೆಸಲು ಬಂದ ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಕೊಡುವ ಮನಸ್ಸಿದ್ದು ಇವತ್ತು ನಾಳೆ ಅನ್ನುತ್ತಿದ್ದವನು ನೋಟೀಸ್ ಕಂಡು ಕೊಡುತ್ತಾನೆ. ಕೊಡಬಾರದೆಂದೇ ಕೂತವನು ಕೊಡುವುದಿಲ್ಲ. ಆದರೂ ನೋಟೀಸ್ ಬೇಕೇ ಬೇಕು, ಯಾಕೆಂದರೆ ಆ ಕಾಗದವನ್ನು ಕಡೆಗೆ ಓದುವವರು ನ್ಯಾಯಾಧೀಶರು.

ಆ "ಸ್ಟ್ರಾಂಗ್" ಎಂಬ ಮಾತು ಕೇಳಿದರೇ ನನಗೆ ಸಿಟ್ಟು. ಮೋಸಗಾರ, ದ್ರೋಹಿ, ಊರಾಗ ಮಾನ ತೆಗಿತೀವಿ, ಇಷ್ಟನ್ನೂ ಬರೆಯಿರಿ ಅನ್ನುತ್ತಾರೆ. ಎಷ್ಟು ರೊಕ್ಕ, ಯಾವತ್ತು ಕೊಟ್ಟಿದ್ದು, ನಗದೋ ಬ್ಯಾಂಕೋ ಎಂದು ಕೇಳಿದರೆ "ಹೋದ ವರ್ಷ ಕಾರಹುಣ್ಣಿಮಿ ಟೈಮಿನ್ಯಾಗ" ಅನ್ನುತ್ತಾರೆ. ಬೈಗುಳಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ತಾರೀಖಿಗೆ ಇದೆ. ಯಾವ ಬಿಲ್ಲು, ಎಷ್ಟು ಚೀಲ, ಎಷ್ಟು ಬಂತು, ಎಷ್ಟು ಬಾಕಿ, ಎಷ್ಟು ದಿನದೊಳಗೆ ಕೊಡಬೇಕು, ಇಷ್ಟು ಒಂದೂವರೆ ಪುಟದಲ್ಲಿ ಮುಗಿಯಬೇಕು. ಕನ್ನಡದಲ್ಲೇ ಬರೆಯಿರಿ, ಕೊಡಬೇಕಾದವನಿಗೆ ಓದಿದ ಕೂಡಲೇ ತಿಳಿಯಲಿ. ವಕೀಲರೇ ಬರೆಯಬೇಕೆಂಬ ಕಾನೂನೂ ಇಲ್ಲ.

ಚೆಕ್ ಬೌನ್ಸ್ ಆಗಿದ್ದರೆ ಮಾತ್ರ ಒಂದು ದಿನ, ಒಂದು ರೂಪಾಯಿ ತಪ್ಪುವಂತಿಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ, ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟೀಸ್ ಕೊಡಬೇಕು. ಜೂನ್ 3ಕ್ಕೆ ಬ್ಯಾಂಕಿನ ಆ ಚೀಟಿ (ಮೆಮೊ) ಬಂತೆನ್ನಿ. ಜುಲೈ 3 ದಾಟುವ ಮುಂಚೆ ಅಂಚೆಗೆ ಬಿದ್ದಿರಬೇಕು. ಜುಲೈ 10ಕ್ಕೆ ಚೆಕ್ ಕೊಟ್ಟವನಿಗೆ ಮುಟ್ಟಿದರೆ 25ರವರೆಗೆ, ಅಂದರೆ 15 ದಿನ, ಅವನಿಗೆ ಅವಕಾಶ. ಅಷ್ಟರೊಳಗೆ ಅವಸರಪಟ್ಟು ಕೋರ್ಟಿನಲ್ಲಿ ದೂರು ಹಾಕಿದರೆ ಅದು ನಿಲ್ಲುವುದಿಲ್ಲ. ಆಮೇಲೆ ಒಂದು ತಿಂಗಳೊಳಗೆ ಹಾಕಬೇಕು. ಆಗಸ್ಟ್ 25 ದಾಟಿಸಬೇಡಿ.

ಹೆಚ್ಚು ಜನ ಎಡವುವುದು ಮೊತ್ತದಲ್ಲಿ. ಚೆಕ್ಕಿನಲ್ಲಿರುವುದು ರೂ. 2,40,000. ಅದಕ್ಕೆ ಬಡ್ಡಿ, ವಕೀಲರ ಫೀ ಕೂಡಿಸಿ "ಒಟ್ಟು ರೂ. 2,85,000 ಕೊಡತಕ್ಕದ್ದು" ಎಂದು ಒಂದೇ ಅಂಕಿ ಬರೆದರೆ ನೋಟೀಸೇ ಬಿದ್ದುಹೋಗಬಹುದು. "ಸದರಿ ಚೆಕ್ಕಿನ ಮೊತ್ತ ರೂ. 2,40,000ವನ್ನು ಈ ನೋಟೀಸು ತಲುಪಿದ 15 ದಿನಗಳೊಳಗೆ ಪಾವತಿಸತಕ್ಕದ್ದು" ಎಂಬ ಸಾಲು ಒಂಟಿಯಾಗಿ ನಿಲ್ಲಬೇಕು. ಬಡ್ಡಿ, ಖರ್ಚು ಕೇಳುವುದಿದ್ದರೆ ಬೇರೆ ಪ್ಯಾರಾದಲ್ಲಿ ಕೇಳಿ. ಚೆಕ್ ಕಂಪನಿಯದ್ದಾದರೆ ಕಂಪನಿಯ ಹೆಸರಿಗೂ ನೋಟೀಸ್ ಹೋಗಬೇಕು, ಸಹಿ ಹಾಕಿದವನ ಹೆಸರಿಗಷ್ಟೇ ಕಳಿಸಿ ಸುಮ್ಮನಾಗಬೇಡಿ.

ಬಡ್ಡಿಯ ಮಾತು ಬಂತು. "ನೂರಕ್ಕ ಮೂರು ರೂಪಾಯಿ ಅಂತ ಬರೀರಿ" ಅನ್ನುತ್ತಾರೆ. ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ. 36. ಬಡ್ಡಿ ವ್ಯವಹಾರವನ್ನೇ ಕಸುಬು ಮಾಡಿಕೊಂಡು ಲೈಸೆನ್ಸ್ ಇಲ್ಲದವರು ಹೀಗೆ ಬರೆದರೆ, ಕರ್ನಾಟಕ ಲೇವಾದೇವಿದಾರರ ಕಾಯ್ದೆ, 1961 ಮುರಿದದ್ದಕ್ಕೆ ತಾವೇ ಸಾಕ್ಷಿ ಬರೆದುಕೊಟ್ಟಂತೆ. ಬಡ್ಡಿಯ ಕರಾರೇ ಇಲ್ಲದ ಬಾಕಿಗೆ ಇನ್ನೊಂದು ದಾರಿ ಇದೆ: ಬಡ್ಡಿ ಕೇಳಿ ಬರಹದಲ್ಲಿ ನೋಟೀಸ್ ಕೊಟ್ಟ ದಿನದಿಂದ ಬಡ್ಡಿ ಕೊಡಿಸಲು 1978ರ ಬಡ್ಡಿ ಕಾಯ್ದೆಯಲ್ಲಿ ಅವಕಾಶವಿದೆ. ಆದ್ದರಿಂದ ಆ ಸಾಲನ್ನು ಬಿಡಬೇಡಿ.

ಇಷ್ಟೆಲ್ಲ ಕೇಳುವವರು ಕೇಳದ ಪ್ರಶ್ನೆ ಒಂದಿದೆ: "ಸರ, ನನಗಿನ್ನೂ ಎಷ್ಟು ದಿನ ಉಳಿದಾವು?" ಬಾಯ್ತೆರೆದು ಇದನ್ನೊಂದು ಕೇಳಿದ್ದರೆ ಎಷ್ಟೋ ಜನರ ರೊಕ್ಕ ಉಳಿಯುತ್ತಿತ್ತು. ಕೈಗಡಕ್ಕೆ ಕೋರ್ಟಿಗೆ ಹೋಗುವ ಕಾಲಮಿತಿ, ರೊಕ್ಕ ಕೊಟ್ಟ ದಿನದಿಂದ ಮೂರು ವರ್ಷ. ಕೇಳಿದಾಗ ಕೊಡುತ್ತೇನೆ ಎಂಬ ಪ್ರಾಮಿಸರಿ ನೋಟಿಗೆ, ನೋಟಿನ ತಾರೀಖಿನಿಂದ ಮೂರು ವರ್ಷ. ವಾಪಸ್ ಕೊಡುವ ದಿನ ಗೊತ್ತುಮಾಡಿದ್ದರೆ ಆ ದಿನದಿಂದ. ನೋಟೀಸ್ ಕಳಿಸಿದ್ದೇವಲ್ಲ, ಇನ್ನು ಅವಧಿ ನಿಂತಿತು ಎಂದು ನಂಬಿ ಕೂಡುತ್ತಾರೆ. ನಿಲ್ಲುವುದಿಲ್ಲ! ನೀವು ಹತ್ತು ನೋಟೀಸ್ ಕಳಿಸಿದರೂ ಒಂದು ದಿನ ಕೂಡುವುದಿಲ್ಲ. ಕೂಡುವುದು ಸಾಲಗಾರನ ಸಹಿಯಿಂದ. ಮೂರು ವರ್ಷ ತುಂಬುವ ಮುಂಚೆ "ಇಷ್ಟು ಬಾಕಿ ಇದೆ" ಎಂದು ಬರೆದು ಸಹಿ ಹಾಕಿದರೆ ಅಲ್ಲಿಂದ ಹೊಸದಾಗಿ ಮೂರು ವರ್ಷ. ಅಧಿಕಾರ ಪಡೆದ ಅವನ ವಕೀಲರು ಉತ್ತರದಲ್ಲಿ ಬಾಕಿ ಒಪ್ಪಿದರೂ ಸರಿ. ಮರ್ಯಾದೆಯಿಂದ ಬರೆಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ: ಬೈದವರಿಗೆ ಒಪ್ಪಿಗೆಯ ಉತ್ತರ ಬರುವುದಿಲ್ಲ. ನಡುವೆ ಐದು ಸಾವಿರ ಕೈಗಿಟ್ಟರೆ ಸುಮ್ಮನೆ ಕಿಸೆಗೆ ಹಾಕಿಕೊಳ್ಳಬೇಡಿ, ಯಾವ ಸಾಲದ ಬಾಬ್ತು ಎಂದು ಅವನ ಕೈಯಿಂದಲೇ ಬರೆಸಿ ಸಹಿ ತೊಗೊಳ್ಳಿ.

ಸಣ್ಣ ಕೈಗಾರಿಕೆಯವರಿಗೆ ಇನ್ನೊಂದು ಮಾತು. ಮಾಲು ಕೊಡುವ ಮುಂಚೆಯೇ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಮಾಡಿಸಿದ್ದರೆ, ಸಣ್ಣ ಉದ್ಯಮಗಳಿಗಾಗಿಯೇ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಕೊಳ್ಳುವವನು 45 ದಿನ ಮೀರಿಸುವಂತಿಲ್ಲ. ಮೀರಿಸಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ "ಬ್ಯಾಂಕ್ ದರ"ದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ನೋಂದಣಿ ಸಂಖ್ಯೆಯನ್ನು ನೋಟೀಸಿನಲ್ಲೇ ಕಾಣಿಸಿ.

ಕಳಿಸುವಾಗ ಮನೆ, ಅಂಗಡಿ ಎರಡೂ ವಿಳಾಸಕ್ಕೆ ಕಳಿಸಿ. ಅಂಚೆ ರಸೀದಿಯ ಮಸಿ ಬೇಗ ಮಾಸುತ್ತದೆ, ಅಂದೇ ಜೆರಾಕ್ಸ್ ಮಾಡಿಸಿ. ಟ್ರ್ಯಾಕಿಂಗ್ ಪುಟವನ್ನೂ ಪ್ರಿಂಟ್ ತೆಗೆದಿಡಿ. "ಪಡೆಯಲು ನಿರಾಕರಿಸಿದ್ದಾರೆ" ಎಂಬ ಷರಾದೊಂದಿಗೆ ಲಕೋಟೆ ತಿರುಗಿ ಬಂದರೆ ಎದೆಗುಂದಬೇಡಿ. ವಿಳಾಸ ಸರಿಯಿದ್ದರೆ ಮುಟ್ಟಿದಂತೆಯೇ ಲೆಕ್ಕ. ಆದರೆ ಆ ಲಕೋಟೆಯನ್ನು ಒಡೆಯಬೇಡಿ. ಅಂಟು ಹಾಗೇ ಇರಲಿ, ಪೋಸ್ಟ್‌ಮ್ಯಾನ್ ಬರೆದ ಷರಾ, ಮೊಹರು ಹಾಗೇ ಇರಲಿ. ಅದು ಕೋರ್ಟಿನಲ್ಲಿ ಒಡೆಯಬೇಕಾದದ್ದು.