ವಾಕ್ಸಹಾಚಿಯ ಕೆಂಪು ಕೋರ್ಟ್‌ಹೌಸ್: ಹೋಗುವವರಿಗೆ ಒಂದಿಷ್ಟು ಮಾಹಿತಿ

ಏಪ್ರಿಲ್ ಬಂತೆಂದರೆ ಅಮೆರಿಕದ ಟೆಕ್ಸಸ್‌ನ ಡಾಲಸ್‌ನಲ್ಲಿರುವ ನಮ್ಮವರು ಬ್ಲೂಬಾನೆಟ್ ಹೂ ನೋಡಲು ಎನಿಸ್ ಕಡೆ ಹೊರಡುತ್ತಾರೆ. ಹೂಗಳ ನಡುವೆ ಮಕ್ಕಳನ್ನು ಕೂರಿಸಿ ಫೋಟೊ ತೆಗೆದು ವಾಪಸ್. ಅಲ್ಲಿಂದ ಸುಮಾರು 25 ಕಿಲೋಮೀಟರ್ ಪಶ್ಚಿಮಕ್ಕೆ ಹೋದರೆ ವಾಕ್ಸಹಾಚಿ ಸಿಗುತ್ತದೆ. ಎಲಿಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಕೋರ್ಟ್‌ಹೌಸ್, ಅಂದರೆ ನ್ಯಾಯಾಲಯದ ಕಟ್ಟಡ, ಇರುವುದು ಇಲ್ಲೇ. ದಯವಿಟ್ಟು ಬಿಡಬೇಡಿ.

ಡಾಲಸ್‌ನಿಂದ ನೇರ ಬರುವುದಾದರೆ 35ಇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್. ಕಾರು ಬೇಕೇ ಬೇಕು. ಊರಿನ ಚೌಕದ ಸುತ್ತ ಬೀದಿಬದಿಯಲ್ಲೇ ಪಾರ್ಕ್ ಮಾಡಬಹುದು.

ಕಟ್ಟಡ ಮುಗಿದದ್ದು 1897ರಲ್ಲಿ. ಆಗ ಇದು ಹತ್ತಿ ಬೆಳೆಯುವ ಸೀಮೆ, ಕೈಯಲ್ಲಿ ದುಡ್ಡಿತ್ತು. ವಾಸ್ತುಶಿಲ್ಪಿ ಜೇಮ್ಸ್ ರೈಲಿ ಗಾರ್ಡನ್. ಟೆಕ್ಸಸ್‌ನಲ್ಲಿ ಹತ್ತಕ್ಕೂ ಜಾಸ್ತಿ ಕೋರ್ಟ್‌ಹೌಸ್‌ಗಳು ಇವರದೇ. ಸ್ಯಾನ್ ಆಂಟೋನಿಯೊದ್ದೂ ಅವುಗಳಲ್ಲಿ ಒಂದು. ನಮ್ಮ ಬೆಂಗಳೂರಿನ ಅಠಾರ ಕಚೇರಿಯೂ ಕೆಂಪೇ, ಆದರೆ ಅದು ಉದ್ದಕ್ಕೆ ಶಾಂತವಾಗಿ ಮಲಗಿದೆ. ಇದು ಗೋಪುರ, ಕಮಾನು ಎಲ್ಲ ಹೊತ್ತು ಮೇಲಕ್ಕೇ ಏರುತ್ತದೆ. ಗುಲಾಬಿ ಗ್ರಾನೈಟ್, ಬೂದು ಗ್ರಾನೈಟ್, ಕೆಂಪು ಮರಳುಗಲ್ಲು ಮೂರನ್ನೂ ಬೆರೆಸಿ ಕಟ್ಟಿದ್ದಾರೆ.

ನನಗೆ ತುಂಬಾ ಹಿಡಿಸಿದ್ದು ಗಾಳಿಯ ಲೆಕ್ಕಾಚಾರ. ಎಸಿ ಇಲ್ಲದ ಕಾಲ, ಟೆಕ್ಸಸ್ ಬೇಸಿಗೆ. ಗಾರ್ಡನ್ ಕಟ್ಟಡವನ್ನು ಶಿಲುಬೆಯಾಕಾರದಲ್ಲಿ ಹಾಕಿ, ಬಾಗಿಲುಗಳನ್ನು ಒಳಮೂಲೆಗಳ ನೆರಳಿನ ಜಗಲಿಗಳಲ್ಲಿ ಇಟ್ಟರು. ತಂಪು ಗಾಳಿ ಆ ಮೂಲೆಗಳಿಂದ ಒಳಗೆ ಬರಬೇಕು, ಬಿಸಿ ಗಾಳಿ ಕಟ್ಟಡದ ನಡುವೆ ಮೆಟ್ಟಿಲುಗಳಿರುವ ತೆರೆದ ಜಾಗದಲ್ಲಿ ಏರಿ ಗೋಪುರದಿಂದ ಹೊರಗೆ ಹೋಗಬೇಕು. ಆ ಗೋಪುರ ಬರೀ ಅಂದಕ್ಕಲ್ಲ.

ಜಗಲಿಯಲ್ಲಿ ನಿಂತು ಕತ್ತೆತ್ತಿ ಕಂಬಗಳ ತಲೆ ನೋಡಿ. ಎಲೆಬಳ್ಳಿಗಳ ನಡುವಿಂದ ಮುಖಗಳು ಇಣುಕುತ್ತವೆ. ಕೆಲವು ಚೆಂದದ ಹೆಣ್ಣುಮುಖ, ಇನ್ನು ಕೆಲವು ಹಲ್ಲು ಕಿರಿದ ವಿಕಾರ ಮುಖ. ಶಿಲ್ಪಿಯೊಬ್ಬ ಊರಿನ ಹುಡುಗಿಯನ್ನು ಪ್ರೀತಿಸಿದ, ಅವಳು ಒಲ್ಲೆ ಎಂದಂತೆಲ್ಲ ಅವಳ ಮುಖವನ್ನು ಕಲ್ಲಿನಲ್ಲಿ ಕುರೂಪ ಮಾಡುತ್ತಾ ಹೋದ ಎಂದು ಊರಿನವರು ಕಥೆ ಹೇಳುತ್ತಾರೆ. ಇತಿಹಾಸ ಬಲ್ಲವರು ಇದನ್ನು ಒಪ್ಪುವುದಿಲ್ಲ. ಆ ಹುಡುಗಿಗೆ ಸುಮ್ನೆ ಕೆಟ್ಟ ಹೆಸರು ತರುವ ಕಥೆ ಅದು, ನನಗೂ ಇಷ್ಟವಾಗಲಿಲ್ಲ. ಆದರೆ ಕೆತ್ತನೆ ಮಾತ್ರ ಅದ್ಭುತ. ಕೆಳಗಿನಿಂದ ಕಣ್ಣಿಗೆ ಪೂರ್ತಿ ದಕ್ಕುವುದಿಲ್ಲ, ಬೈನಾಕ್ಯುಲರ್ ಅಥವಾ ಜೂಮ್ ಇರುವ ಕ್ಯಾಮೆರಾ ಇಟ್ಟುಕೊಳ್ಳಿ.

ಒಳಗೂ ನೋಡಬೇಕಾದರೆ ವಾರದ ದಿನವೇ ಹೋಗಿ. ಇದು ಸರ್ಕಾರಿ ಕಟ್ಟಡ, ಶನಿವಾರ ಭಾನುವಾರ ಹೊರಗಿನಿಂದಷ್ಟೇ. ಬೆಳಗ್ಗೆ ಬೇಗ ಅಥವಾ ಸಂಜೆ ಬಿಸಿಲು ಓರೆಯಾದಾಗ ಕೆಂಪು ಕಲ್ಲು ಚೆನ್ನಾಗಿ ಕಾಣುತ್ತದೆ. ಜುಲೈ, ಆಗಸ್ಟ್ ಬೇಡ, ಸುಟ್ಟುಹೋಗುತ್ತೀರಿ.

ಇದೇ ಗಾರ್ಡನ್ ಕಟ್ಟಿದ, ಹೆಚ್ಚುಕಡಿಮೆ ಇದರ ಅವಳಿಯಂತಿರುವ ಇನ್ನೊಂದು ಕೋರ್ಟ್‌ಹೌಸ್ ಫೋರ್ಟ್ ವರ್ತ್‌ನ ವಾಯುವ್ಯಕ್ಕೆ ಡೆಕೇಟರ್‌ನಲ್ಲಿದೆ. ಅದನ್ನೂ ನೋಡುವ ಆಸೆಯಾದರೆ ಬೇರೆ ದಿನ ಇಟ್ಟುಕೊಳ್ಳಿ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಕಂಬದ ಮುಖಗಳನ್ನು ನೋಡಲು ಪುರಸೊತ್ತೇ ಸಿಗುವುದಿಲ್ಲ.